ತಲೆ ಸವರಿ ಕಾಲು ನೋಡುವ ನೀಲಗಂಗಮ್ಮ

ಕಾಯಿಲೆ, ಚಿಕಿತ್ಸೆಗಳ ಬಗ್ಗೆ ಬರೆಯುವಷ್ಟು ಓದು ನನ್ನದಲ್ಲ. ಸಂಜೆ ಕಾಲೇಜಿನಲ್ಲಿ ಕಲಿತದ್ದು ವಾಣಿಜ್ಯ. ಇಲ್ಲಿ ತಪ್ಪೇನಾದರೂ ಇದ್ದರೆ ಅದು ನನ್ನದು, ನೀಲಗಂಗಮ್ಮನವರದಲ್ಲ, ಓದುಗರು ಕ್ಷಮಿಸಬೇಕು. ಅವರಿಗಂತೂ ಬರೆಸಿಕೊಳ್ಳುವ ಆಸೆಯೇ ಇರಲಿಲ್ಲ. ಮೂರನೇ ಸಲ ಕೇಳಿದಾಗ, "ಆಯ್ತು, ಬರೀರಿ. ಆದ್ರೆ ಕೊನೇಲಿ ನಾನು ಹೇಳಿದ್ದೊಂದು ಮಾತು ಹಾಕ್ಬೇಕು" ಎಂದರು. ಒಪ್ಪಿಕೊಂಡೆ.

ಬೆಳಗಿನ ಏಳು ಗಂಟೆ. ಮಾರೇನಹಳ್ಳಿಯ ಪುಟ್ಟ ಟ್ರಸ್ಟ್ ಕ್ಲಿನಿಕ್ಕಿನ ಮುಂದೆ ಹದಿನಾಲ್ಕು ಜನ ಖಾಲಿ ಹೊಟ್ಟೆಯಲ್ಲಿ ಕೂತಿದ್ದಾರೆ. ಹಣೆಗೆ ವಿಭೂತಿ, ಬಿಳಿ ಕೋಟು, ಕೈಯಲ್ಲಿ ಶುಗರ್ ನೋಡುವ ಮಿಷನ್ನು. ನರ್ಸ್ ನೀಲಗಂಗಮ್ಮ ಒಬ್ಬೊಬ್ಬರನ್ನೇ ಕರೆಯುತ್ತಿದ್ದಾರೆ.

"ರಾತ್ರಿ ಏನ್ ತಿಂದ್ರಿ ಕೆಂಚಪ್ಪನೋರೆ?"

"ಬರೀ ಮುದ್ದೆ ಸಿಸ್ಟರ್."

"ಬರೀ ಮುದ್ದೆಗೆ ಇನ್ನೂರ ಎಂಬತ್ತು ಬರಲ್ಲ. ಜೊತೆಗೇನಿತ್ತು?"

"ಪಕ್ಕದ ಮನೆ ಗೃಹಪ್ರವೇಶ... ಎರಡು ಹೋಳಿಗೆ."

"ಮಿಷನ್ ಮೂರು ಅಂತಿದೆ." ಸಾಲಿನಲ್ಲಿ ಕೂತವರೆಲ್ಲ ನಗುತ್ತಾರೆ.

ಡಾಕ್ಟರು ಬರುವುದು ಹತ್ತಕ್ಕೆ. ಅಷ್ಟರಲ್ಲಿ ನೆಗಡಿ, ಜ್ವರ, ಕಜ್ಜಿ, ಬಿ.ಪಿ. ಎಲ್ಲವನ್ನೂ ಪರೀಕ್ಷಿಸಿ, ಡಾಕ್ಟರು ಗೊತ್ತುಮಾಡಿಕೊಟ್ಟ ಮಾತ್ರೆಗಳನ್ನು ಕೊಟ್ಟು, ತಮ್ಮ ಕೈಮೀರಿದ್ದನ್ನು ಬೇರೆ ಇಡುತ್ತಾರೆ. ದಿನಕ್ಕೆ ಅರವತ್ತು ಜನ. ಅದರಲ್ಲಿ ಇಪ್ಪತ್ತಾದರೂ ಸಕ್ಕರೆ ಕಾಯಿಲೆಯವರು. ಅವರ ಚಪ್ಪಲಿ ಬಿಚ್ಚಿಸದೆ ಈಕೆ ಕಳಿಸುವುದಿಲ್ಲ.

ಹಾರ್ಡ್‌ವೇರ್ ಅಂಗಡಿಯ ಗೌತಮ್‌ಗೆ ಮೂವತ್ತಾರು ವರ್ಷ. ಶುಗರ್ ಮಾತ್ರೆ ಮುಗಿದಿದೆ ಎಂದು ತಾಯಿ ವೆಂಕಟಲಕ್ಷ್ಮಮ್ಮ ಕರೆತಂದಿದ್ದಾರೆ. ಐವತ್ತೇಳರ ನೀಲಗಂಗಮ್ಮ ಮಣೆ ಎಳೆದುಕೊಂಡು ಅವನ ಕಾಲ ಬಳಿ ಕೂತಿದ್ದೇ ತಡ, ಅವನು ಎರಡೂ ಕಾಲನ್ನು ಬೆಂಚಿನ ಕೆಳಕ್ಕೆ ಎಳೆದುಕೊಳ್ಳುತ್ತಾನೆ.

"ಬೇಡಮ್ಮ," ತಾಯಿ ಅಡ್ಡ ಬರುತ್ತಾರೆ. "ದೊಡ್ಡೋರು ಕಾಲು ಮುಟ್ಟಿದ್ರೆ ಮಗಂಗೆ ಆಯಸ್ಸು ಕಮ್ಮಿ."

ನೀಲಗಂಗಮ್ಮ ವಾದ ಮಾಡುವುದಿಲ್ಲ. ಮಂಡಿ ಹಿಡಿದುಕೊಂಡು ಮೇಲೆದ್ದು, ಅವನ ತಲೆಯ ಮೇಲೆ ಕೈಯಿಟ್ಟು ಸವರುತ್ತಾರೆ. "ನೂರು ವರ್ಷ ಬಾಳಪ್ಪ. ಆಶೀರ್ವಾದ ಆಯ್ತಲ್ಲ? ಈಗ ಕಾಲ್ ಕೊಡು."

ಕಾಲುಚೀಲ ತೆಗೆದರೆ ಎಡಗಾಲ ಹೆಬ್ಬೆರಳ ಬುಡದಲ್ಲಿ ಕೆಂಪಗೆ ಒಂದು ತೂತು. "ಇದ್ಯಾವಾಗ ಆಯ್ತು?" ಎಂದು ಕೇಳುವವನು ಗೌತಮ್ಮೇ.

ನೀಲಗಂಗಮ್ಮ ಜೇಬಿನಿಂದ ಮೀನು ಗಾಳದ ದಾರದಂಥ ನೈಲಾನ್ ಎಳೆಯೊಂದನ್ನು ತೆಗೆಯುತ್ತಾರೆ. ಅದು ತಾಕಿದ್ದು ತಿಳಿಯದಿದ್ದರೆ ನರ ಸೋತಿದೆ ಎಂದರ್ಥ. "ಕಣ್ಮುಚ್ಕೊ. ಮುಟ್ಟಿದಾಗೆಲ್ಲ ಹೂಂ ಅನ್ನು." ಬಲಗಾಲಿಗೆ ಐದಾರು ಹೂಂ ಬರುತ್ತವೆ. ಎಡಗಾಲಿನಲ್ಲಿ ಗಾಯ ಬಿಟ್ಟು ಹತ್ತು ಕಡೆ ಮುಟ್ಟುತ್ತಾರೆ. ಗೌತಮ್ ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದಾನೆ.

"ಈ ಕಾಲು ಯಾವಾಗ ಶುರು ಮಾಡ್ತೀರಾ ಸಿಸ್ಟರ್?"

"ಮುಗೀತಪ್ಪ."

ಅವನ ಎಡಗಾಲಿನ ಶೂ ಒಳಗೆ ಕೈಹಾಕಿ ತಡಕುತ್ತಾರೆ. ಅಟ್ಟೆಯನ್ನು ಚುಚ್ಚಿಕೊಂಡು ನಿಂತಿದ್ದ ಮುಕ್ಕಾಲು ಇಂಚಿನ ಸ್ಕ್ರೂ ಈಚೆ ಬರುತ್ತದೆ. ಅವನದೇ ಅಂಗಡಿಯ ಮಾಲು. ಎಷ್ಟು ದಿನ ಅದರ ಮೇಲೆ ನಡೆದನೋ ಅವನಿಗೇ ಗೊತ್ತಿಲ್ಲ. ವೆಂಕಟಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು, "ನಾನೇ ಬೇಡ ಅಂದ್ನಲ್ಲಮ್ಮ" ಎನ್ನುತ್ತಾರೆ. ಗಾಯ ತೊಳೆದು ಕಟ್ಟಿ, ಡಾಕ್ಟರಿಗೆ ಫೋನು ಮಾಡಿ, ಅವನನ್ನು ಅಂದೇ ಸರ್ಜನ್ ಬಳಿಗೆ ಕಳಿಸುತ್ತಾರೆ.

ಹರಿಹರದ ಕಡೆಯ ಈಕೆ ಇಪ್ಪತ್ತೆರಡು ವರ್ಷ ಆಸ್ಪತ್ರೆ ವಾರ್ಡುಗಳಲ್ಲಿ ದುಡಿದು, ಆಮೇಲೆ ಮತ್ತೆ ತರಬೇತಿ ಪಡೆದು ಇಲ್ಲಿಗೆ ಬಂದವರು. ಆರ್‌ಪಿಸಿ ಲೇಔಟಿನ ಮನೆಯಲ್ಲಿ ಅತ್ತೆ, ಕಂಡವರ ಕಾಲು ಮುಟ್ಟಿ ಬರುತ್ತಾಳೆಂದು, ಸ್ನಾನ ಮಾಡದೆ ಅಡುಗೆಮನೆಗೆ ಬಿಡುತ್ತಿರಲಿಲ್ಲವಂತೆ. "ಈಗ ಅವ್ರಿಗೂ ಶುಗರ್. ಪ್ರತಿ ಭಾನುವಾರ ಅವರೇ ಕಾಲು ಚಾಚ್ತಾರೆ" ಎಂದು ನಗುತ್ತಾರೆ.

ತಲೆ ಸವರುವ ಅಭ್ಯಾಸ ಒಂಬತ್ತು ವರ್ಷದ್ದು. ಆಗ ಅಮರೇಶ ಎಂಬ ಸಕ್ಕರೆ ಕಾಯಿಲೆಯವರೊಬ್ಬರು ಬಂದಿದ್ದರು. ಎಡಗಾಲ ಹೆಬ್ಬೆರಳಲ್ಲಿ ಬೊಬ್ಬೆ. "ಅಕ್ಕಾ, ನೀವು ಮುಟ್ಬಾರ್ದು" ಎಂದು ಕಾಲು ಎಳೆದುಕೊಂಡರು. "ಸಾಲು ಉದ್ದ ಇತ್ತು. ನಾನೂ ಬಲವಂತ ಮಾಡ್ಲಿಲ್ಲ. ಮಾತ್ರೆ ಕೊಟ್ಟು, ವಾರ ಬಿಟ್ಟು ಬನ್ನಿ ಅಂತ ಕಳ್ಸಿದೆ. ಮತ್ತೆ ಬರ್ಲೇ ಇಲ್ಲ. ಮಾರನೇ ವಾರದಿಂದ ಕಾಲು ಎಳ್ಕೊಳ್ಳೋರ ತಲೆಗೆ ಮೊದ್ಲು ಕೈ ಇಡ್ತೀನಿ. ಆಮೇಲೆ ಯಾರೂ ಕಾಲು ತೋರಿಸದೆ ಹೋಗಿಲ್ಲ." ಆ ಕೊನೆಯ ಮಾತು ಹೇಳುವಾಗ ಅವರ ಬೆನ್ನು ನೆಟ್ಟಗಾಗುತ್ತದೆ.

ಆರನೇ ವಾರಕ್ಕೆ ಗೌತಮ್‌ನ ಗಾಯ ಒಣಗಿದೆ. ಬೆರಳು ಉಳಿದಿದೆ. ಸ್ಪರ್ಶ ಮರಳುವುದು ಕಷ್ಟವಂತೆ. ಕ್ಲಿನಿಕ್ಕಿನ ಬಾಗಿಲಲ್ಲಿ ಅವನು ಶೂ ಬೋರಲು ಹಾಕಿ ಬಡಿದು, ಒಳಗೆ ಕೈಯಾಡಿಸಿ ಹಾಕಿಕೊಳ್ಳುವುದನ್ನು ನಾನೇ ನೋಡಿದೆ.

ಇನ್ನು ನೀಲಗಂಗಮ್ಮ ಹಾಕಬೇಕೆಂದ ಮಾತು. "ಅಮರೇಶ ಅಂತ, ಆಗ ಮೂವತ್ತೈದರ ಸುಮಾರು. ಶ್ರೀಗಂಧದ ಕಾವಲ್ ಕಡೆ ಟೈಲ್ಸ್ ಹಾಕ್ತಿದ್ರು. ಯಾರಿಗಾದ್ರೂ ಗೊತ್ತಿದ್ರೆ ಹೇಳಿ, ಬಂದು ಕಾಲು ತೋರಿಸ್ಲಿ. ನಾನು ಬೈಯಲ್ಲ."

ನಾನೂ ಆ ಕಡೆ ನಾಲ್ಕು ಭಾನುವಾರ ವಿಚಾರಿಸಿದೆ. ಅಮರೇಶ ಎಲ್ಲಿದ್ದಾರೆ, ಆ ಕಾಲು ಏನಾಯಿತು, ನನಗೆ ತಿಳಿಯಲಿಲ್ಲ.