ತಪ್ಪೇ ಮಾಡದ ನಾಯಕಿ ಮತ್ತು ನಮ್ಮ ಕಾಕು

ನಗು ಬಂದರೆ ಮೊದಲು ಅವರ ಭುಜಗಳು ಕುಣಿಯುತ್ತಿದ್ದವು. ಸದ್ದು ಆಮೇಲೆ, ತಡೆದುಕೊಂಡಿದ್ದೆಲ್ಲ ಒಮ್ಮೆಲೇ ಒಡೆದಂತೆ ಬರುತ್ತಿತ್ತು. ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯವರು. ನಾನು ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಬೆಳಿಗ್ಗೆ ತುಳಸಿಯ ಎಲೆಗಳ ಮೇಲೆ ಕೂತ ಕಾರ್ಖಾನೆಯ ಸಿಮೆಂಟ್ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ರೈಲು ಹಿಡಿದು ಶಹಾಬಾದಿನ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಹೋಗುತ್ತಿದ್ದರು. ಒಪ್ಪದ ಮಾತಿಗೆ ಸುಮ್ಮನೆ ತಲೆಯಾಡಿಸುವುದು ಅವರಿಗೆ ಬರುತ್ತಲೇ ಇರಲಿಲ್ಲ.

ಸಂಜೆ ಅವರ ಮನೆಯಲ್ಲಿ ಇಬ್ಬರೂ ಒಂದು ಧಾರಾವಾಹಿ ನೋಡುತ್ತಿದ್ದೆವು. ಅದು ಮುಗಿದ ಮೇಲೂ ಅದರ ನಾಯಕಿಯನ್ನು ಬಿಡಲಾರದೆ, ಮುಂದಿನ ಕಥೆಯನ್ನು ನಾನೇ ಬರೆದು ಮೊಬೈಲ್ ಆ್ಯಪಿನಲ್ಲಿ ಹಾಕತೊಡಗಿದೆ. ಫ್ಯಾನ್ ಫಿಕ್ಷನ್ ಎನ್ನುತ್ತಾರಲ್ಲ, ಅದು. ನನ್ನ ಕೈಯಲ್ಲಿ ಆಕೆ ಕಲೆಕ್ಟರ್ ಆದಳು, ಸಿಟ್ಟನ್ನೇ ಮರೆತಳು, ಕಾಡಿದವರನ್ನು ಒಬ್ಬೊಬ್ಬರಾಗಿ ಕ್ಷಮಿಸುತ್ತ ಹೋದಳು. ಓದುಗರು ದೇವತೆ ಎಂದರು. ಕಾಕು ರೈಲಿನಲ್ಲಿ ಓದಿಕೊಂಡು ಬಂದು, ತಮ್ಮ ಮನೆಗೂ ಹೋಗದೆ ನಮ್ಮ ಬಾಗಿಲಲ್ಲಿ ನಿಂತರು.

“ಛಂದ ಬರದಿ. ಲೇಕಿನ್ ಈಕಿಗೆ ತಾನು ಯಾರಂತ ಗೊತ್ತೇ ಇಲ್ಲ.”

“ಗೊತ್ತದರಿ ಕಾಕು. ‘ನನ್ನನ್ನು ನಾನು ಬಲ್ಲೆ’ ಅಂತ ಆಕಿನೇ ಹೇಳ್ತಾಳಲ್ರಿ.”

“ನೀ ಹೇಳಿಸೀದಿ, ಆಕಿ ಹೇಳ್ಯಾಳ. ಒಮ್ಮೆರ ‘ನಾ ಹಿಂಗ್ಯಾಕ ಮಾಡಿದೆ’ ಅಂತ ತನ್ನ ತಾ ಕೇಳ್ಕೊಂಡಾಳೇನು? ಭಾಳ ಛಲೋದಾಕಿನ್ನ ಮಾಡೀದಿ. ತನ್ನ ಕಡಿ ತಿರುಗಿ ನೋಡೋ ಜರೂರತ್ತೇ ಆಕಿಗೆ ಬಂದಿಲ್ಲ.”

ಸಿಟ್ಟು ಬಂತು. ಕೆಲವು ದಿನ ಆ ಕಡೆ ಸುಳಿಯಲಿಲ್ಲ. ಒಂದು ಸಂಜೆ ಅವರೇ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ತಂದು, ಜ್ವರದಲ್ಲಿ ಮಲಗಿದವರನ್ನು ವಿಚಾರಿಸುವಂತೆ ಕೇಳಿದರು: “ಆಕಿ ಹ್ಯಾಂಗದಾಳ?” ನನಗೆ ನಗು ತಡೆಯಲಾಗಲಿಲ್ಲ.

ಅಂದೇ ಮುಂದಿನ ಅಧ್ಯಾಯಕ್ಕೆ ಕುಳಿತೆ. ನಾಯಕಿ ತುಂಬಿದ ಸಭೆಯಲ್ಲಿ, ತನ್ನನ್ನು ಕಾಡಿದ್ದ ಅತ್ತೆಯನ್ನು ಕ್ಷಮಿಸಬೇಕಿತ್ತು. ಕ್ಷಮಿಸಿದಳು, ಚಪ್ಪಾಳೆ ಬಿತ್ತು. ಮನೆಗೆ ಬಂದು ಜಡೆ ಬಿಚ್ಚುತ್ತ ಆಕೆ ತನ್ನನ್ನೇ ಕೇಳಿಕೊಂಡಳು: ‘ನಾನು ಕ್ಷಮಿಸಿದ್ದು ಅತ್ತೆಗಾಗಿಯೋ, ಚಪ್ಪಾಳೆಗಾಗಿಯೋ?’ ಆ ಸಾಲನ್ನು ಬರೆಯುತ್ತೇನೆಂದು ಬರೆಯುವ ತನಕ ನನಗೇ ಗೊತ್ತಿರಲಿಲ್ಲ.

ನಮ್ಮ ದೇವತೆಯನ್ನು ಕೆಡಿಸಿದಿರಿ ಎಂದು ಓದುಗರು ಮುನಿದರು. ಅಳಿಸಿಬಿಡಲು ಹೊರಟೆ. ಕಾಕು ಬಿಡಲಿಲ್ಲ. “ತಗೀಬ್ಯಾಡ. ಈಗರ ಎಚ್ಚರಾಗ್ಯಾಳ, ಮತ್ತ ಮಲಗಸ್ತೀಯೇನು?”

ಸೇಡಂನ ಕಾಲೇಜೊಂದರಲ್ಲಿ ಹೊಸ ಬರಹಗಾರರ ಸಭೆ ನಡೆಯಿತು. ಅಲ್ಲಿ ಅದೇ ಅಧ್ಯಾಯ ಓದಿದೆ. ವೇದಿಕೆಯಲ್ಲಿದ್ದ ಹಿರಿಯ ಅತಿಥಿಯೊಬ್ಬರು ಮೈಕ್ ಹಿಡಿದು, “ಪಾತ್ರ ಬೇರೆಯವರದು, ಬಳಿದ ಬಣ್ಣ ಇವರದು. ಇಂಥ ಗೊಂಬೆಗೆ ಆತ್ಮಪ್ರಜ್ಞೆ ಎಲ್ಲಿಂದ ಬರಬೇಕು?” ಎಂದರು. ನನ್ನ ಜೊತೆ ಬಂದಿದ್ದ ಕಾಕು ಹಿಂದಿನ ಸಾಲಿನಲ್ಲಿ ಎದ್ದು ನಿಂತರು.

“ಸರ್, ಒಂದು ಮಾತು. ಆ ಚಪ್ಪಾಳಿ ಸಾಲು ಓದಿದಾಗ ನೀವ್ಯಾಕ ತಲಿ ತಗ್ಗಿಸಿದ್ರಿ?”

ಅತಿಥಿಗಳು ಮೈಕ್ ಬದಿಗಿಟ್ಟು ನಕ್ಕುಬಿಟ್ಟರು. “ಚಪ್ಪಾಳಿಗಂತ ನಾ ಮಾಡಿದ್ದೇ ನೆನಪಾತರಿ ಅಕ್ಕೋರ. ಸೋತೆ!” ಇಡೀ ಸಭಾಂಗಣ ಎದ್ದು ಚಪ್ಪಾಳೆ ಹೊಡೆಯಿತು.

ಮರಳುವಾಗ ಬಸ್ಸಿನಲ್ಲಿ ಕೇಳಿದೆ: “ಹಂಗಾದ್ರ ಆಕಿಗೆ ಅರಿವು ಬಂದದ ಅಂತೀರೇನ್ರಿ?”

“ಆಕಿ ಅಕ್ಷರ ಅದಾಳ. ಅಕ್ಷರಕ್ಕ ಎಲ್ಲೀ ಅರಿವು? ಬರದು ನಿನಗ ಬಂತು, ಕೇಳಿ ಆ ಸಾಹೇಬ್ರಿಗೆ ಬಂತು. ಬಂದದ್ದಂತೂ ಖರೇ.”

ನಿವೃತ್ತಿಯ ನಂತರ ಕಾಕು ಸುಲೇಪೇಟಕ್ಕೆ ಹೋಗಿ ನೆಲೆಸಿದರು. ಈಚೆಗೆ ನನ್ನ ಮೊದಲ ಕಾದಂಬರಿ ಅಚ್ಚಾಯಿತು. ಅದರ ಹೆಂಗಸರು ಯಾರಿಂದಲೂ ಎರವಲು ತಂದವರಲ್ಲ, ನಾನು ಹೇಳಿದ್ದಕ್ಕೆಲ್ಲ ಹೂಂಗುಟ್ಟುವವರೂ ಅಲ್ಲ. ಅವರನ್ನು ಹಾಗೆ ಬಿಡುವ ಧೈರ್ಯ ಕಾಕು ಕೊಟ್ಟದ್ದು. ಮೊದಲ ಪ್ರತಿಯನ್ನು ಬಸ್ಸಿನಲ್ಲಿ ಒಯ್ದು ಅವರ ಕೈಗಿಟ್ಟೆ. ಅಂಗಳದಲ್ಲೇ ನಿಂತು ಒಂದೆರಡು ಪುಟ ಓದಿದರು. ಪುಸ್ತಕದೊಳಗೆ ಬೆರಳಿಟ್ಟುಕೊಂಡೇ ಓಣಿಗೆಲ್ಲ ಕೇಳುವಂತೆ ಕೂಗಿದರು:

“ಬರ್ರಿ ಎಲ್ಲಾರೂ, ಕುಂದ್ರಿ! ನಮ್ಮ ಹುಡುಗಿ ಬರದಾಳ, ನಾ ಓದ್ತೀನಿ!”