ನಿಂತ ಮೇಲೆ ಹರಿದ ಬೆಲ್ಟು

ಕಾರಣ ಹೇಳಲಾಗದಿದ್ದರೂ, ಓಡುತ್ತಿರುವ ಎಂಜಿನ್ನನ್ನು ನಿಲ್ಲಿಸಿರೆಂದು ಹತ್ತು ಜನರ ಮುಂದೆ ಹೇಳುವ ಧೈರ್ಯ ನಿಮಗಿದೆಯೇ? ನನಗಿದೆಯೆಂದು ನಾನು ಭಾವಿಸಿರಲಿಲ್ಲ. ಕಾಲೇಜಿನ ಚರ್ಚಾಕೂಟಗಳಲ್ಲಿ ಶಕುನ, ಮುನ್ಸೂಚನೆಗಳನ್ನು ಖಂಡಿಸಿ ಚಪ್ಪಾಳೆ ಗಿಟ್ಟಿಸಿದವನು ನಾನು. ಮುಂದೆ ರಸಾಯನತಜ್ಞನಾಗಿ, ರಬ್ಬರು ಎಷ್ಟು ಕಾಲ ಬಾಳುತ್ತದೆ ಎಂದು ಪರೀಕ್ಷಿಸುವುದರಲ್ಲೇ ಸೇವಾವಧಿಯನ್ನೆಲ್ಲ ಕಳೆದೆ. ರಬ್ಬರಿನ ಪಟ್ಟಿಗಳನ್ನು ಬಿಸಿ ಪೆಟ್ಟಿಗೆಯಲ್ಲಿಟ್ಟು, ವರ್ಷಗಳ ಮುಪ್ಪನ್ನು ಕೆಲವೇ ದಿನಗಳಲ್ಲಿ ಬರಿಸುವುದು ನಮ್ಮ ವಿಧಾನ. ಹಾಗೆ ಮುಪ್ಪಾದ ರಬ್ಬರಿಗೆ ಕಟುವಾದ ಒಂದು ವಾಸನೆಯಿರುತ್ತದೆ. ಅದನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ.

ಹಲವು ವರ್ಷಗಳ ಹಿಂದೆ, ಸಿಂಧಘಟ್ಟದ ಬಳಿ ನನ್ನ ಭಾಮೈದ ನಡೆಸುತ್ತಿದ್ದ ಆಲೆಮನೆಗೆ ಹೋಗಿದ್ದೆ. ಎಂಜಿನ್ನಿನಿಂದ ಗಾಣಕ್ಕೆ ಹಾಯ್ದಿದ್ದ ಬೆಲ್ಟು ಹೊಸದು. ನಾನೇ ಪರೀಕ್ಷಿಸಿ, ಆರಿಸಿ ಕೊಡಿಸಿದ್ದು. ಅದರ ಪಕ್ಕದಲ್ಲೇ ಗೋಣಿಚೀಲದ ಮೇಲೆ ಕುಳಿತು ಚಿಕ್ಕಣ್ಣನೆಂಬ ಆಳು ಗಾಣಕ್ಕೆ ಕಬ್ಬು ಕೊಡುತ್ತಿದ್ದ. ಮಟಮಟ ಮಧ್ಯಾಹ್ನ. ಬೆಲ್ಲದ ಘಮದ ನಡುವೆ ಇದ್ದಕ್ಕಿದ್ದಂತೆ ಆ ಕಟು ವಾಸನೆ ಬಂತು.

ವಿಚಾರಿಸಿದೆ. ಬೇರೆ ಯಾರಿಗೂ ಬಂದಿರಲಿಲ್ಲ. ಎಂಜಿನ್ ನಿಲ್ಲಿಸಲು ಹೇಳಿ ಬೆಲ್ಟನ್ನು ಮುಟ್ಟಿ ನೋಡಿದೆ. ತಣ್ಣಗಿತ್ತು, ಒಂದು ಬಿರುಕೂ ಇರಲಿಲ್ಲ. ಮತ್ತೆ ಓಡತೊಡಗಿದಾಗ ವಾಸನೆ ಉಸಿರು ಕಟ್ಟುವಷ್ಟು ದಟ್ಟವಾಯಿತು. ಬೆವರುತ್ತಲೇ, ಇನ್ನೊಮ್ಮೆ ನಿಲ್ಲಿಸಲು ಹೇಳಿದೆ.

“ಅಲ್ಲ ಭಾವ, ದೆವ್ವ ಇಲ್ಲ ಅಂತ ಭಾಷ್ಣ ಬಿಗಿಯೋರ್ಗೇ ದೆವ್ವ ಮೆಟ್ಕತಾ? ನೀವೇ ಪಾಸ್ ಮಾಡಿದ್ ಬೆಲ್ಟು ಕಣ್ರೀ ಅದು!” ಎಂದು ಭಾಮೈದ ರೇಗಿದ.

“ನಿಲ್ಸಿ ಬುಡಿ ಗೌಡ್ರೇ, ನಂಗೂ ಒಂದು ಬೀಡಿ ಸೇದ್ದಂಗಾಯ್ತದೆ,” ಎಂದು ನಗುತ್ತ ಚಿಕ್ಕಣ್ಣ ಎದ್ದುಬಂದ.

ಎಂಜಿನ್ ನಿಂತಿತು. ಚಕ್ರಗಳು ಸ್ತಬ್ಧವಾದವು. ಯಾರ ಕೈಯೂ ತಗಲದೆ, ಎಲ್ಲರೂ ನೋಡುತ್ತಿದ್ದಂತೆಯೇ, ಬೆಲ್ಟು ಬಟ್ಟೆ ಸೀಳಿದ ಸದ್ದಿನೊಡನೆ ಹರಿದು ಚಿಕ್ಕಣ್ಣನ ಗೋಣಿಚೀಲದ ಮೇಲೆ ಬಿತ್ತು. ಓಡುವಾಗ ಹರಿದಿದ್ದರೆ ಅವನು ಉಳಿಯುತ್ತಿರಲಿಲ್ಲ. ಹಚ್ಚದ ಬೀಡಿ ಅವನ ಬೆರಳಲ್ಲೇ ಇತ್ತು.

ಆ ತುಂಡನ್ನು ಪ್ರಯೋಗಾಲಯಕ್ಕೆ ಒಯ್ದೆ. ಹರಿದ ಅಂಚು ಹತ್ತಾರು ವರ್ಷ ಬೆಂದದ್ದರಂತೆ ಉಗುರಿಗೆ ಪುಡಿಯಾಗುತ್ತಿತ್ತು. ಅಂಗುಲದಾಚೆ ರಬ್ಬರು ಹೊಚ್ಚಹೊಸದು. ಮುಪ್ಪು ಹಾಗೆ ಒಂದೇ ಗೆರೆಯಲ್ಲಿ ಬರುವುದಿಲ್ಲ. ತಯಾರಿಕೆಯ ದೋಷ, ಎಣ್ಣೆಯ ಸೋರಿಕೆ ಎಂದು ಒಂದೊಂದನ್ನೂ ಪರೀಕ್ಷೆಗೊಡ್ಡಿದೆ, ಯಾವುದೂ ನಿಲ್ಲಲಿಲ್ಲ. ತಣ್ಣನೆಯ ಬೆಲ್ಟಿನ ಆ ವಾಸನೆ ನನ್ನೊಬ್ಬನಿಗೇ ಏಕೆ ಬಂತೆಂಬುದಕ್ಕೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ.

ನೀವು ಇದನ್ನು ನಂಬಬೇಕೆಂದು ನಾನು ಕೇಳುತ್ತಿಲ್ಲ. ನಿಮ್ಮೂರಿನ ಆಲೆಮನೆಯಲ್ಲಾಗಲಿ ಗಿರಣಿಯಲ್ಲಾಗಲಿ ಬೆಲ್ಟಿನ ಪಕ್ಕ ಯಾರಾದರೂ ಕುಳಿತು ದುಡಿಯುತ್ತಿದ್ದರೆ, ದಯವಿಟ್ಟು ಇಂದೇ ನಡುವೆ ಒಂದು ತಡೆ ಹಾಕಿಸಿ.