ತಲಾ ನಾಲ್ಕು ಹೋಳಿಗೆ

ಅಕ್ಕ ತರೀಕೆರೆ ಬಸ್ಸಿನಲ್ಲಿ ದಿನಾ ನೋಡಿ ಮೆಚ್ಚಿದ ಹುಡುಗನ ಮನೆಯವರು ಅಮೃತಾಪುರದಿಂದ ಮಾತುಕತೆಗೆ ಬರುವವರಿದ್ದರು. ಅಕ್ಕನಿಗೆ ಹುಡುಗನ ಚಿಂತೆ, ಅಮ್ಮನಿಗೆ ಹೋಳಿಗೆಯ ಚಿಂತೆ. ಬೀಗರಾಗುವವರ ಎಲೆಯ ಮುಂದೆ ಬುಟ್ಟಿ ಬರಿದಾದರೆ ಆ ಸುದ್ದಿ ಶಿವನಿ ಸ್ಟೇಷನ್ ದಾಟಿ ಕಡೂರಿನವರೆಗೂ ಹೋಗುತ್ತದೆ.

“ಬರೋರು ಆರು ಜನ. ಎಷ್ಟು ತಟ್ಟೋದೇ?” ಎಂದಳು ಅಮ್ಮ.

ನನ್ನದು ಚರ್ಚಾಸ್ಪರ್ಧೆಯಲ್ಲಿ ಪಳಗಿದ ನಾಲಿಗೆ, ಅಂಕಿಅಂಶವಿಲ್ಲದೆ ಆಡುವುದಿಲ್ಲ. ಹೋದ ಯುಗಾದಿಗೆ ಯಾರು ಎಷ್ಟು ತಿಂದರೆಂದು ಅವರವರ ಬಾಯಿಂದಲೇ ಒಪ್ಪಿಸಿಕೊಂಡೆ. ಅಜ್ಜಿ ಒಂದು, ಅಮ್ಮ ಎರಡು, ಅಕ್ಕ ಎರಡು, ನಾನು ಮೂರು, ಚಿಕ್ಕಪ್ಪ ಹನ್ನೆರಡು. ಒಟ್ಟು ಇಪ್ಪತ್ತು, ಐದರಿಂದ ಭಾಗಿಸಿದರೆ ತಲಾ ನಾಲ್ಕು.

“ನಾಲ್ಕು ತಿನ್ನೋರು ಈ ಮನೇಲಿ ಯಾರೇ?” ಎಂದಳು ಅಕ್ಕ.

ಆಕ್ಷೇಪ ಸರಿಯಾಗಿತ್ತು. ಕಮ್ಮಿ ತಿಂದವರಿಂದ ಹೆಚ್ಚು ತಿಂದವರವರೆಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ನಡುವೆ ಸಿಗುವವರು ಎರಡು ತಿನ್ನುವವರು, ಅದು ಮಧ್ಯಾಂಕ. ಒಂದಕ್ಕೂ ಹನ್ನೆರಡಕ್ಕೂ ನಡುವಿನ ಅಂತರ ಹನ್ನೊಂದು, ಅದು ವ್ಯಾಪ್ತಿ. ಅದನ್ನು ಹಿಗ್ಗಿಸಿದವನು ಚಿಕ್ಕಪ್ಪನೊಬ್ಬನೇ.

“ಚಿಕ್ಕಪ್ಪನ್ನ ತೆಗೆದ್ರೆ ಸರಾಸರೀನೂ ಎರಡೇ ಕಣೇ,” ಎಂದೆ.

“ನನ್ನ ಮನೇಲೇ ನನ್ನನ್ನ ತೆಗೀತೀಯೇನೇ ಲೇ?” ಚಿಕ್ಕಪ್ಪ ಹಜಾರದಿಂದಲೇ ಗುಡುಗಿದ. “ಅವ್ರ ಕಡೇಲೂ ನನ್ನಂಥೋನು ಒಬ್ಬ ಇದ್ರೆ?”

ಚಿಕ್ಕಪ್ಪನನ್ನು ಮತ್ತೆ ಲೆಕ್ಕಕ್ಕೆ ಸೇರಿಸಿಕೊಂಡೆ. ನಾಲ್ಕೇ ಗಟ್ಟಿಯಾಯಿತು. ನಾವೂ ಸೇರಿ ಹನ್ನೊಂದು ಜನಕ್ಕೆ ನಲವತ್ತನಾಲ್ಕು ಬೇಕಿತ್ತು, ಹೂರಣ ನಲವತ್ತಕ್ಕೇ ಮುಗಿಯಿತು.

“ನಾವು ಒಂದೊಂದು ಕಮ್ಮಿ ತಿಂದ್ರಾಯ್ತು ಬಿಡು,” ಎಂದಳು ಅಜ್ಜಿ.

ಒಂದು ಸಂಗತಿಯನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಮ್ಮಲ್ಲಿ ಬಂದವರ ಪಂಕ್ತಿಯಲ್ಲಿ ಮನೆಯ ಗಂಡಸೊಬ್ಬ ಜೊತೆಗೆ ಕೂರಬೇಕು. ಅವರು ತಿನ್ನುವಷ್ಟು ಹೊತ್ತು ಇವನು ಸಾಕೆನ್ನುವಂತಿಲ್ಲ. ಇವನು ತಿನ್ನುವಷ್ಟು ಹೊತ್ತು ಇವನ ಎದುರು ಕೂತವರೂ ಎಲೆಗೆ ಕೈ ಅಡ್ಡ ಹಿಡಿಯುವಂತಿಲ್ಲ. ನಾನೋ, ಎಲ್ಲರೂ ಒಬ್ಬೊಬ್ಬರೇ ಕೂತು ಉಣ್ಣುತ್ತಾರೆಂದು ಭಾಗಾಕಾರ ಮಾಡಿದ್ದೆ!

ಕೂತವನು ಚಿಕ್ಕಪ್ಪ. ಎದುರಿಗೆ ಹುಡುಗನ ಸೋದರಮಾವ. ಬಂದವರಲ್ಲಿ ಮಿಕ್ಕ ಐದು ಜನರ ಊಟ ಹತ್ತೇ ಹೋಳಿಗೆಗೆ ಮುಗಿಯಿತು. ಇವರಿಬ್ಬರದು ಮುಗಿಯಲೇ ಇಲ್ಲ.

“ಯಜಮಾನ್ರಿಗೆ ಹಾಕಮ್ಮ!”

“ಎಲ್ಲಾದ್ರೂ ಉಂಟಾ, ಮೊದ್ಲು ಅವ್ರಿಗೆ ಹಾಕೇ!”

ಇಬ್ಬರದೂ ತಲಾ ಹದಿನಾಲ್ಕಾದಾಗ ಬುಟ್ಟಿಯಲ್ಲಿದ್ದದ್ದು ಎರಡು. ಬಾಗಿಲ ಮರೆಯಲ್ಲಿ ಅಕ್ಕನ ಮುಖ ಸುಣ್ಣದಂತಾಗಿತ್ತು. ತುಪ್ಪ ಬಡಿಸುವ ನೆಪದಲ್ಲಿ ಬಗ್ಗಿ, “ಚಿಕ್ಕಪ್ಪಾ, ಎರಡೇ ಇರೋದು,” ಎಂದೆ. ಅವನು ಒಮ್ಮೆ ಬಾಗಿಲ ಕಡೆ ನೋಡಿದ. ಮರುಕ್ಷಣ, ಹುಟ್ಟಿದ ಮೇಲೆ ಮೊದಲ ಸಲ, ಎಲೆಗೆ ಕೈ ಅಡ್ಡ ಹಿಡಿದ.

“ಅಬ್ಬಾ! ನೀವು ನಿಲ್ಲಿಸ್ಲಿ ಅಂತ ಎಂಟನೇದ್ರಿಂದ ಕಾಯ್ತಿದ್ದೆ ಕಣ್ರೀ!” ಎಂದರು ಸೋದರಮಾವ.

ಪಂಕ್ತಿಯೆಲ್ಲ ನಕ್ಕಿತು. ಹುಡುಗನ ತಾಯಿ ಕಣ್ಣೊರೆಸಿಕೊಂಡು, “ಇನ್ನೇನು ಮಾತುಕತೆ, ಎಲೆ ಅಡಿಕೆ ತನ್ನಿ,” ಎಂದುಬಿಟ್ಟರು.

ಅಡುಗೆಮನೆಯಲ್ಲಿ ಬೆರಳು ಮಡಿಸಿದೆ. ಬಂದ ಆರು ಜನ ತಿಂದದ್ದು ಇಪ್ಪತ್ತನಾಲ್ಕು. “ತಲಾ ನಾಲ್ಕು! ಗೆದ್ದೆ!” ಎಂದು ಕುಣಿದೆ.

“ನಾಲ್ಕು ತಿಂದೋರು ಯಾರೇ?” ಎಂದಳು ಅಕ್ಕ.

ಉಳಿದ ಎರಡನ್ನು ನಾವು ನಾಲ್ವರು ಅರ್ಧರ್ಧ ಹಂಚಿಕೊಂಡೆವು. ಸರಾಸರಿ ಅರ್ಧ, ಮಧ್ಯಾಂಕ ಅರ್ಧ, ವ್ಯಾಪ್ತಿ ಸೊನ್ನೆ. ಅಷ್ಟು ಚೆಂದದ ಲೆಕ್ಕ ನನ್ನ ಜನ್ಮದಲ್ಲಿ ಸಿಕ್ಕಿರಲಿಲ್ಲ. ಅಷ್ಟರಲ್ಲಿ ಅಕ್ಕ ತನ್ನ ಪಾಲನ್ನು ಹಿಡಿದು ಹಜಾರಕ್ಕೆ ಓಡಿ, ಬೇಡ ಬೇಡವೆಂದರೂ ಬಿಡದೆ ಚಿಕ್ಕಪ್ಪನ ಬಾಯಿಗೆ ತುರುಕಿ ಲೆಕ್ಕವನ್ನೆಲ್ಲ ಕೆಡಿಸಿದಳು.